ಪ್ರಶ್ನೆ ಯಾರದು, ಗುರುವಿನದೋ ಶಿಷ್ಯನದೋ?

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ಕೊಡಗಿನ ಕೊಡವರ ಅಧ್ಯಯನಕ್ಕೆ ತೊಡಗಿದ್ದು ಗುರುಗಳ ಸೂಚನೆಯಿಂದ. ಮುಂಬೈಯಲ್ಲಿ ಜಿ.ಎಸ್. ಘುರ್ಯೆ ಅವರ ಕೈಕೆಳಗೆ ಒಕ್ಕ ಎಂಬ ಪಿತೃವಂಶೀಯ ಕುಟುಂಬ, ಮದುವೆ, ಪುತ್ತರಿ ಎಂಬ ಸುಗ್ಗಿ ಹಬ್ಬ ಇವುಗಳ ವಿವರಗಳನ್ನು ಕಲೆಹಾಕಿ ಮಹಾಪ್ರಬಂಧ ಬರೆದರು. 1945ರಲ್ಲಿ ಆಕ್ಸ್‌ಫರ್ಡ್‌ಗೆ ಹೋದಾಗ ಮಾನವಶಾಸ್ತ್ರಜ್ಞ ರ್‍ಯಾಡ್‌ಕ್ಲಿಫ್-ಬ್ರೌನ್ ಅದೇ ಸಾಮಗ್ರಿಯ ಮೇಲೆ ಹೊಸ ಪ್ರಶ್ನೆ ಇಟ್ಟರು: ಆಚರಣೆಗೂ ಸಮಾಜದ ರಚನೆಗೂ ಏನು ನಂಟು? ಅವರ ನಿವೃತ್ತಿಯ ನಂತರ ಇವಾನ್ಸ್-ಪ್ರಿಚರ್ಡ್ ಮಾರ್ಗದರ್ಶನದ ಹೊಣೆ ಹೊತ್ತರು.

1952ರಲ್ಲಿ ಆ ಅಧ್ಯಯನದ ಗ್ರಂಥ ಹೊರಬಂತು. ಅದರಲ್ಲಿದ್ದ ‘ಸಂಸ್ಕೃತೀಕರಣ’ದ ಕಲ್ಪನೆ, ಅಂದರೆ ಕೆಳಜಾತಿಗಳು ಮೇಲ್ಜಾತಿಗಳ ಆಚರಣೆಗಳನ್ನು ಅನುಸರಿಸಿ ಮೇಲೇರಲು ಯತ್ನಿಸುವ ಕ್ರಮ, ಮೂವರು ಗುರುಗಳಲ್ಲಿ ಯಾರದೂ ಅಲ್ಲ, ಶಿಷ್ಯನದು.

ಹಾಗಾದರೆ ಗುರುವಿನ ಧರ್ಮ ಯಾವುದು? ಪ್ರಶ್ನೋಪನಿಷತ್ತಿನಲ್ಲಿ ಆರು ಮಂದಿ ಜಿಜ್ಞಾಸುಗಳು ಪಿಪ್ಪಲಾದರ ಬಳಿ ಬರುತ್ತಾರೆ. ಒಂದು ವರ್ಷ ಜೊತೆಗಿದ್ದು ಬೇಕಾದ್ದನ್ನು ಕೇಳಿರಿ, ತಿಳಿದಿದ್ದರೆ ಹೇಳುವೆ ಎನ್ನುತ್ತಾರೆ ಋಷಿ. ಪ್ರಶ್ನೆ ಶಿಷ್ಯರದೇ; ಗುರು ಕೊಡುವುದು ಸಮಯ ಮತ್ತು ಪ್ರಾಮಾಣಿಕತೆ.

ಇಂದಿನ ವಿಶ್ವವಿದ್ಯಾಲಯಗಳಲ್ಲಿ ಆ ಸಮಯಕ್ಕೆ ನಿಯಮದ ಚೌಕಟ್ಟಿದೆ: ಯುಜಿಸಿಯ 2022ರ ಪಿಎಚ್‌.ಡಿ. ನಿಯಮಗಳು ಒಬ್ಬ ಪ್ರಾಧ್ಯಾಪಕರಿಗೆ 8 ಸಂಶೋಧಕರ ಮಿತಿ ಹಾಕಿವೆ. ಪ್ರತಿ ಸೆಮಿಸ್ಟರ್‌ನಲ್ಲಿ ಸಲಹಾ ಸಮಿತಿಯ ಮುಂದೆ ಪ್ರಗತಿ ಮಂಡಿಸಬೇಕು. ಕೊಡಗಿನಲ್ಲಾಗಲಿ, ಮೈಸೂರಿನಲ್ಲಾಗಲಿ ಆ ಸಭೆ ಬರಿಯ ಸಹಿಯಲ್ಲಿ ಮುಗಿಯಬಾರದು. ಮಾರ್ಗದರ್ಶಕರ ಅಭಿಪ್ರಾಯವನ್ನು ತಾನು ಎಲ್ಲಿ ಒಪ್ಪುವುದಿಲ್ಲ ಎಂದು ಸಂಶೋಧಕಿ ಅಲ್ಲಿ ನಿರ್ಭಯವಾಗಿ ಹೇಳಬೇಕು, ಸಮಿತಿ ಅದನ್ನು ದಾಖಲಿಸಬೇಕು.