ಕುರಿಯ ಬೆಲೆ, ಕುರಿಗಾರನ ಬಾಳು

ಕಾಗಿನೆಲೆಯ ಸೀಮೆಯಲ್ಲಿ ಕುರಿ-ದನಗಳೇ ಅನೇಕ ಮನೆತನಗಳ ಗಂಟು. ನೆರೆಯಿಂದಾಗಲಿ, ರೋಗದಿಂದಾಗಲಿ ಅವು ಸತ್ತಾಗ ಸರಕಾರವು ಕೊಡುವ ಹಣಕ್ಕೆ ಜನರು ಪರಿಹಾರವೆನ್ನುವರು. ಆದರೆ ಈ ಹಣವು ಸತ್ತ ಪಶುವಿನ ಬೆಲೆಯೋ, ಕರುಣೆಯ ದಾನವೋ, ಅಥವಾ ಸಮಾಜವು ಸಲ್ಲಿಸತಕ್ಕ ಋಣವೋ ಎಂಬುದನ್ನು ವಿಚಾರಿಸುವದು ಅವಶ್ಯವಾಗಿದೆ. ಯಾಕಂದರೆ ಹೆಸರಿನ ಅರ್ಥವು ಮಸುಕಾದಲ್ಲಿ ನ್ಯಾಯದ ಅಳತೆಯೂ ಮಸುಕಾಗುವದು.

ಇದು ಬೆಲೆಯಲ್ಲವೆಂಬುದಕ್ಕೆ ಸರಕಾರದ ಅಂಕಿಗಳೇ ಸಾಕ್ಷಿ. 2022ರಲ್ಲಿ ಚರ್ಮಗಂಟು ರೋಗವು ಹಾವೇರಿ ಜಿಲ್ಲೆಯಲ್ಲಿ ಹಬ್ಬಿದಾಗ ರಾಜ್ಯ ಸರಕಾರವು ಸತ್ತ ಆಕಳಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿಗಳನ್ನು ಗೊತ್ತುಪಡಿಸಿತು. ಅದೇ ವರ್ಷ ಕೇಂದ್ರ ಸರಕಾರವು ನೆರೆ ಮೊದಲಾದ ವಿಪತ್ತುಗಳಿಗಾಗಿ 2025-26ರ ವರೆಗೆ ನಿಗದಿಪಡಿಸಿದ ದರಗಳಲ್ಲಿ ಆಕಳು-ಎಮ್ಮೆಗೆ 37,500, ಎತ್ತಿಗೆ 32,000, ಕುರಿ-ಆಡಿಗೆ 4,000 ರೂಪಾಯಿಗಳಿದ್ದವು. ಒಂದು ಲೆಕ್ಕದಲ್ಲಿ ಎತ್ತು ಹೆಚ್ಚು, ಇನ್ನೊಂದರಲ್ಲಿ ಆಕಳು ಹೆಚ್ಚು. ಬೆಲೆಯೇ ಉದ್ದೇಶವಾಗಿದ್ದರೆ, ರೋಗದಿಂದ ಸತ್ತ ಆಕಳು ಹೊಳೆಯಲ್ಲಿ ತೇಲಿಹೋದ ಆಕಳಿಗಿಂತ ಅಗ್ಗವಾಗಲು ಕಾರಣವಿಲ್ಲ.

ಇದು ದಾನವೂ ಅಲ್ಲ. ಈ ಸೀಮೆಯು ಮುಂಬಯಿ ಇಲಾಖೆಯಲ್ಲಿದ್ದಾಗ, 1884ರ ಕಾಯಿದೆಯ ಮೇರೆಗೆ ಬೀಜ-ದನಗಳನ್ನು ಕೊಳ್ಳಲು ಸರಕಾರವು ತಗಾವಿ ಸಾಲ ಕೊಡುತ್ತಿತ್ತು. ಅದನ್ನು ತಿರುಗಿ ಸಲ್ಲಿಸಬೇಕಾಗಿತ್ತು. 2005ರ ವಿಪತ್ತು ನಿರ್ವಹಣಾ ಕಾಯಿದೆಯಾದರೋ ಸಂತ್ರಸ್ತರಿಗೆ ಸಲ್ಲತಕ್ಕ ನೆರವಿಗೆ ಕನಿಷ್ಠ ಪ್ರಮಾಣವನ್ನು ಗೊತ್ತುಪಡಿಸಲು ಹೇಳುವದು. ದಾನಿಯು ತನ್ನ ಮನಸ್ಸಿಗೆ ಬಂದವನಿಗೆ ಬಂದಷ್ಟು ಕೊಡಬಹುದು. ಕಾಯಿದೆಯಿಂದ ಕೊಡುವವನಿಗೆ ಆ ಸ್ವಾತಂತ್ರ್ಯವಿಲ್ಲ, ಪಡೆಯುವವನು ತಲೆ ತಗ್ಗಿಸುವ ಕಾರಣವೂ ಇಲ್ಲ.

ಹಾಗಾದರೆ ಇದು ಒಡೆದ ಬಾಳನ್ನು ಮತ್ತೆ ನಿಲ್ಲಿಸುವ ಋಣವೆನ್ನಬೇಕು. ಇಲ್ಲಿಯೇ ಅಳತೆಯ ದೋಷವು ತೋರುವದು. ಕೇಂದ್ರದ ಆ ನಿಯಮದಂತೆ ಒಂದು ಮನೆತನಕ್ಕೆ ಮೂವತ್ತು ಕುರಿಗಳ ವರೆಗೆ ಮಾತ್ರ ನೆರವು. ಬೊಕ್ಕಸಕ್ಕೆ ಮಿತಿಯುಂಟು, ದೊಡ್ಡ ಹಿಂಡಿನವನೇ ಎಲ್ಲವನ್ನೂ ಬಾಚಿಕೊಳ್ಳಬಾರದು ಎಂಬ ಮಾತು ಯುಕ್ತವೇ. ಆದರೆ ನೂರು ಕುರಿಗಳಲ್ಲಿ ಮೂವತ್ತನ್ನು ಕಳೆದುಕೊಂಡವನಿಗೂ, ಇದ್ದ ಮೂವತ್ತನ್ನೂ ಕಳೆದುಕೊಂಡವನಿಗೂ, ಅರವತ್ತಕ್ಕೆ ಅರವತ್ತು ಸತ್ತವನಿಗೂ ಸಲ್ಲುವದು ಒಂದೇ 1,20,000 ರೂಪಾಯಿ. ಮೊದಲನೆಯವನ ಹಟ್ಟಿಯಲ್ಲಿ ಇನ್ನೂ ಎಪ್ಪತ್ತು ಕುರಿಗಳು ಉಳಿದಿವೆ. ಉಳಿದಿಬ್ಬರ ಹಟ್ಟಿ ಬರಿದು. ಸತ್ತುದನ್ನು ಎಣಿಸುವ ನಿಯಮವು ಉಳಿದುದನ್ನು ಎಣಿಸಲು ಮರೆತಿದೆ. ಅದಲ್ಲದೆ, ಮೇವನ್ನರಸಿ ಪರಸ್ಥಳಕ್ಕೆ ಹೋದ ಕುರಿಗಾರನಿಗೆ ಪಶುವೈದ್ಯರ ಪ್ರಮಾಣಪತ್ರವು ಸಕಾಲಕ್ಕೆ ದೊರೆಯುವದು ಸುಲಭವಲ್ಲ. ಮೋಸವನ್ನು ತಡೆಯಲು ಪ್ರಮಾಣವು ಬೇಕು. ಆದರೆ ಊರಲ್ಲಿರುವವನಿಗೆ ಬಾಗಿಲಾಗುವ ಕಾಗದವು ಅಲೆಮಾರಿಗೆ ಗೋಡೆಯಾಗಬಾರದು.

ಕಾಗಿನೆಲೆಯ ಕನಕದಾಸರು ರಾಮಧಾನ್ಯ ಚರಿತೆಯಲ್ಲಿ ಭತ್ತ-ರಾಗಿಗಳ ಜಗಳವನ್ನು ಹೇಳಿರುವರು. ಅಲ್ಲಿ ಶ್ರೀರಾಮನು ಧಾನ್ಯಗಳ ಹಿರಿಮೆಯನ್ನು ಪೇಟೆಯ ಧಾರಣೆಯಿಂದ ಅಳೆಯಲಿಲ್ಲ. ಆರು ತಿಂಗಳು ಸೆರೆಯಲ್ಲಿರಿಸಿ, ಸತ್ತ್ವಗೆಡದೆ ಉಳಿದುದನ್ನು ಮನ್ನಿಸಿದನು. ನೆರವಿನ ನಿಯಮಕ್ಕೂ ಇದೇ ಪರೀಕ್ಷೆ ಸಲ್ಲುವದು. ಎಷ್ಟು ಹಣ ಹಂಚಿತೆಂಬುದಕ್ಕಿಂತ, ಬರುವ ವರುಷ ಆ ಹಟ್ಟಿಯಲ್ಲಿ ಮರಿಗಳ ದನಿ ಕೇಳಿತೇ ಎಂಬುದರಿಂದಲೇ ಋಣವು ಸಂದಿತೋ ಇಲ್ಲವೋ ಎಂಬುದು ನಿರ್ಣಯವಾಗತಕ್ಕದ್ದು.