ಲೆಕ್ಕವಿಡದ ಸೇವೆ

ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಕೊನೆಯ ನ್ಯಾಯತೀರ್ಪಿನ ದೃಶ್ಯವೊಂದು ಬರುತ್ತದೆ. ಸಿಂಹಾಸನದ ಮೇಲೆ ಕುಳಿತ ರಾಜ ಜನರನ್ನು ಬಲಕ್ಕೂ ಎಡಕ್ಕೂ ಬೇರ್ಪಡಿಸುತ್ತಾನೆ. ಎಷ್ಟು ಪ್ರಾರ್ಥಿಸಿದಿರಿ, ಎಷ್ಟು ಉಪವಾಸ ಮಾಡಿದಿರಿ ಎಂದು ಅವನು ಕೇಳುವುದಿಲ್ಲ. ಹಸಿದವರಿಗೆ ಉಣಬಡಿಸಿದ್ದು, ಪರದೇಶಿಯನ್ನು ಮನೆಗೆ ಸೇರಿಸಿಕೊಂಡದ್ದು, ಬಟ್ಟೆಯಿಲ್ಲದವರಿಗೆ ಉಡಿಸಿದ್ದು, ರೋಗಿಗಳನ್ನೂ ಸೆರೆಯಲ್ಲಿದ್ದವರನ್ನೂ ಹೋಗಿ ಕಂಡದ್ದು, ಇಂಥವನ್ನೇ ಎಣಿಸುತ್ತಾನೆ. ಅದೆಲ್ಲ ತನಗೇ ಸಂದಿತೆಂದೂ ಹೇಳುತ್ತಾನೆ. ಆಗ ಬಲಗಡೆಯವರಿಗೆ ಆಶ್ಚರ್ಯ: ನಿನ್ನನ್ನು ನಾವು ಕಂಡದ್ದಾದರೂ ಯಾವಾಗ?

ಕ್ರೈಸ್ತ ಸೇವೆಯ ತಿರುಳು ಈ ಆಶ್ಚರ್ಯದಲ್ಲೇ ಇದೆ ಎಂದು ನನಗನ್ನಿಸುತ್ತದೆ. ಎದುರಿಗಿದ್ದವನು ದೇವರೆಂದು ತಿಳಿದು ಅವರು ಬಡಿಸಿರಲಿಲ್ಲ. ಅವನು ಹಸಿದಿದ್ದ, ಅಷ್ಟೆ. ಪುಣ್ಯ ಜಮೆಯಾಗಲೆಂದು ಬಡಿಸಿದ್ದರೆ ಅವರು ಬೆರಗಾಗುತ್ತಿರಲಿಲ್ಲ, ಬರಬೇಕಾದದ್ದು ಬಂತೆಂದು ಕೈ ಚಾಚುತ್ತಿದ್ದರು.

ಹಾಗಾದರೆ ಸತ್ಕಾರ್ಯವೇ ರಕ್ಷಣೆಯ ದಾರಿಯೇ? ಈ ಪ್ರಶ್ನೆ ಶತಮಾನಗಳ ಕಾಲ ಚರ್ಚನ್ನು ಕಾಡಿದೆ. ಮನುಷ್ಯ ದೇವರ ಮುಂದೆ ನೀತಿವಂತನೆನಿಸುವುದು ನಂಬಿಕೆಯಿಂದ, ವಿಧಿನಿಯಮಗಳ ಪಾಲನೆಯಿಂದಲ್ಲ ಎಂದು ಪೌಲ ರೋಮಿನವರಿಗೆ ಬರೆದ. ಕ್ರಿಯೆಗಿಳಿಯದ ನಂಬಿಕೆಯಲ್ಲಿ ಜೀವವೇ ಇಲ್ಲವೆಂದು ಯಾಕೋಬನ ಪತ್ರಿಕೆ ವಾದಿಸುತ್ತದೆ. ಪೌಲನ ಪಕ್ಷ ಹಿಡಿದ ಮಾರ್ಟಿನ್ ಲೂಥರ್‌ಗೆ ಯಾಕೋಬನ ಮೇಲೆ ಅಷ್ಟೇನೂ ಗೌರವವಿರಲಿಲ್ಲ. ಆದರೂ ಸೇವೆಗೆ ಅತ್ಯಂತ ಗಟ್ಟಿಯಾದ ಬುನಾದಿ ಹಾಕಿದವರಲ್ಲಿ ಅವನೂ ಒಬ್ಬ. ಕ್ರೈಸ್ತನ ಸ್ವಾತಂತ್ರ್ಯದ ಬಗ್ಗೆ 1520ರಲ್ಲಿ ಬರೆದ ಕಿರುಗ್ರಂಥದಲ್ಲಿ ಅವನ ತರ್ಕ ಹೀಗೆ ಸಾಗುತ್ತದೆ: ರಕ್ಷಣೆ ದೇವರು ಉಚಿತವಾಗಿ ಕೊಟ್ಟದ್ದು, ಅದಕ್ಕೆ ಬೆಲೆ ಕಟ್ಟುವ ಹೊರೆ ಮನುಷ್ಯನ ಮೇಲಿಲ್ಲ. ತನ್ನ ಆತ್ಮದ ಚಿಂತೆ ಕಳೆದವನು ತನ್ನ ದುಡಿಮೆಯನ್ನೆಲ್ಲ ನೆರೆಯವನ ಅಗತ್ಯಕ್ಕೆ ಕೊಡಬಲ್ಲ. ಯಾರಿಗೂ ಅಧೀನನಲ್ಲದವನು ಹೀಗೆ ಎಲ್ಲರ ಸೇವಕನಾಗುತ್ತಾನೆ. ಕೃಪೆ ಮೊದಲು, ಸೇವೆ ಆಮೇಲೆ. ಈ ಕ್ರಮ ತಲೆಕೆಳಗಾದರೆ ಬಡವನು ನಮ್ಮ ಮೋಕ್ಷದ ಮೆಟ್ಟಿಲಾಗಿಬಿಡುತ್ತಾನೆ, ಅದಕ್ಕಿಂತ ದೊಡ್ಡ ಅವಮಾನ ಅವನಿಗೆ ಇನ್ನೇನಿದೆ? ಕ್ಯಾಥೊಲಿಕರೂ ಲೂಥರನ್ನರೂ 1999ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಸಹಿ ಹಾಕಿದ ಜಂಟಿ ಘೋಷಣೆ ಈ ಕ್ರಮವನ್ನೇ ಎತ್ತಿಹಿಡಿಯಿತು.

ಯೋಹಾನನ ಸುವಾರ್ತೆಯ ಪ್ರಕಾರ ಯೇಸು ಕೊನೆಯ ರಾತ್ರಿಯ ಊಟದ ವೇಳೆ ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು ಶಿಷ್ಯರ ಕಾಲು ತೊಳೆದ. ಅದು ಆಳುಗಳ ಕೆಲಸ. ಪೇತ್ರ ಒಪ್ಪಲಿಲ್ಲ. ಗುರುವಿನ ಕೈಯಿಂದ ಸೇವೆ ಪಡೆಯುವುದು ಅವನಿಗೆ ಸೇವೆ ಮಾಡುವುದಕ್ಕಿಂತ ಕಷ್ಟವಾಯಿತು. ಯೇಸುವನ್ನು ಹಿಡಿದುಕೊಡಲಿದ್ದ ಯೂದನೂ ಆ ಊಟಕ್ಕೆ ಕುಳಿತಿದ್ದ, ಯೇಸುವಿಗೆ ಅದು ತಿಳಿದಿತ್ತು ಕೂಡ. ಯೋಗ್ಯತೆ ನೋಡಿ ಮಾಡುವ ಉಪಕಾರ ಇದಲ್ಲ. ಪವಿತ್ರ ಗುರುವಾರದಂದು ಚರ್ಚುಗಳಲ್ಲಿ ಈ ವಿಧಿ ಇಂದಿಗೂ ನಡೆಯುತ್ತದೆ. 2013ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ರೋಮಿನ ಬಾಲಾಪರಾಧಿಗಳ ಸೆರೆಮನೆಯಲ್ಲಿ ನಡೆಸಿದರು. ಅವರು ಕಾಲು ತೊಳೆದವರಲ್ಲಿ ಹುಡುಗಿಯರಿದ್ದರು, ಮುಸ್ಲಿಮರಿದ್ದರು.

ನಮ್ಮಲ್ಲಿ ಕ್ರೈಸ್ತ ಸೇವೆಯ ಮಾತು ಬಂದಾಗಲೆಲ್ಲ ಏಳುವ ಪ್ರಶ್ನೆಯೊಂದಿದೆ: ಈ ಸೇವೆಯ ಹಿಂದೆ ಮತಾಂತರದ ಉದ್ದೇಶವಿಲ್ಲವೇ? ಪ್ರಶ್ನೆ ನ್ಯಾಯವಾದದ್ದೇ, ಅದನ್ನು ದಾಟಿಹೋಗಬಾರದು. ಒಂದು ಉದಾಹರಣೆ ನೋಡೋಣ. ಜರ್ಮನಿಯ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ತೆರೆದರು, ಮುಂದೆ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆಯ ಮೂಲ ಅದೇ. ಅಲ್ಲಿಗೆ ಬರುವ ರೋಗಿಗೆ ಬೇಕಾದದ್ದು ಔಷಧ. ಅದರ ಜೊತೆಗೆ ಗುಟ್ಟಾಗಿ ಬೇರೊಂದು ಷರತ್ತು ಸೇರಿದರೆ ಅದು ಸೇವೆಯಲ್ಲ, ಆಮಿಷ. ಪೋಪ್ 16ನೇ ಬೆನೆಡಿಕ್ಟ್ 2005ರ ತಮ್ಮ ವಿಶ್ವಪತ್ರದಲ್ಲಿ, ಪ್ರೀತಿಯ ಕೆಲಸವನ್ನು ಮತಾಂತರದ ಸಾಧನವಾಗಿ ಬಳಸಕೂಡದೆಂದು ಸ್ಪಷ್ಟವಾಗಿಯೇ ಹೇಳಿದ್ದಾರೆ.

ಲೂಕನು ಹೇಳುವ ಕಥೆಯಲ್ಲಿ ದಾರಿಬದಿ ಅರೆಜೀವವಾಗಿ ಬಿದ್ದವನನ್ನು ಎತ್ತಿದವನು ಸಮಾರ್ಯದವನು, ಯೆಹೂದ್ಯರ ಕಣ್ಣಿಗೆ ಧರ್ಮಭ್ರಷ್ಟ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿ, ತನ್ನ ವಾಹನದ ಮೇಲೆ ಛತ್ರಕ್ಕೆ ಕರೆದೊಯ್ದು, ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ಮರಳಿ ಬರುವಾಗ ತೀರಿಸುತ್ತೇನೆಂದು ಹೇಳಿ ಹೋಗುತ್ತಾನೆ. ಗುಣವಾದ ಮೇಲೆ ಆ ಮನುಷ್ಯ ಯೆರೂಸಲೇಮಿನಲ್ಲಿ ಪೂಜಿಸಿದನೋ ಸಮಾರ್ಯರ ಗೆರಿಜೀಮ್ ಬೆಟ್ಟದಲ್ಲೋ ಎಂಬುದನ್ನು ಯೇಸು ಹೇಳುವ ಗೋಜಿಗೇ ಹೋಗುವುದಿಲ್ಲ.