ನಿದ್ದೆಗೆಟ್ಟವನ ಸಮ್ಮತಿ

ಇಪ್ಪತ್ನಾಲ್ಕು ಗಂಟೆಯೊಳಗೆ ಸಾವಿರ ಮೈಲಿ, ಅಂದರೆ ಸುಮಾರು 1610 ಕಿಲೋಮೀಟರ್ ಬೈಕ್ ಓಡಿಸಬೇಕು. ಅಮೆರಿಕದ ಐರನ್ ಬಟ್ ಅಸೋಸಿಯೇಷನ್ ಮಾನ್ಯತೆ ಕೊಡುವ ಈ ಸವಾಲಿಗೆ ‘ಸ್ಯಾಡಲ್‌ಸೋರ್ 1000’ ಎಂದು ಹೆಸರು. ಇಲ್ಲಿ ಎದುರಾಳಿಯಿಲ್ಲ, ಬಹುಮಾನದ ಹಣವೂ ಇಲ್ಲ. ದಾರಿಯುದ್ದದ ಪೆಟ್ರೋಲ್ ಬಂಕುಗಳ ರಸೀದಿಗಳನ್ನು ಜೋಪಾನವಾಗಿಟ್ಟು, ಹೊರಟ ಹೊತ್ತಿಗೂ ಮುಗಿಸಿದ ಹೊತ್ತಿಗೂ ಪುರಾವೆ ಒದಗಿಸಿ, ಶುಲ್ಕವನ್ನೂ ನಾವೇ ಕಟ್ಟಿದರೆ ಒಂದು ಪ್ರಮಾಣಪತ್ರ ಬರುತ್ತದೆ. ಬೆಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 48 ಹಿಡಿದು ಪುಣೆಗೆ ಹೋಗಿ ವಾಪಸು ಬಂದರೆ ಹೆಚ್ಚೂಕಡಿಮೆ ಅಷ್ಟು ದೂರವಾಗುತ್ತದೆ. ಕಳೆದ ಚಳಿಗಾಲ ಈ ಲೆಕ್ಕ ಹಿಡಿದು ಹೊರಟ ಏಳು ಜನರ ಗುಂಪಿನಲ್ಲಿ ನಾನೂ ಇದ್ದೆ.

ಇದರಿಂದ ಯಾರಿಗೇನು ಪ್ರಯೋಜನ ಎಂಬ ಪ್ರಶ್ನೆಯನ್ನು ಮೊದಲೇ ಮುಗಿಸಿಬಿಡೋಣ. ಬರ್ನಾರ್ಡ್ ಸೂಟ್ಸ್ ಎಂಬ ತತ್ವಶಾಸ್ತ್ರಜ್ಞ 1978ರಲ್ಲಿ ಪ್ರಕಟಿಸಿದ ‘ದಿ ಗ್ರಾಸ್‌ಹಾಪರ್’ ಕೃತಿಯಲ್ಲಿ ಆಟ ಎಂದರೇನೆಂದು ಚರ್ಚಿಸುತ್ತಾನೆ. ಸುಲಭದ ದಾರಿ ಇದ್ದೂ ಅದನ್ನು ಬಿಟ್ಟು, ಬೇಕಿಲ್ಲದ ಅಡ್ಡಿಗಳನ್ನು ಇಷ್ಟಪಟ್ಟು ಮೈಮೇಲೆ ಹಾಕಿಕೊಂಡು ದಾಟುವುದೇ ಆಟ ಎಂಬುದು ಅವನ ವಾದದ ಸಾರ. ಪುಣೆಗೆ ರೈಲಿದೆ, ಬಸ್ಸಿದೆ. ಹೋದ ಊರಿನಲ್ಲಿ ಒಂದು ಲೋಟ ಚಹಾ ಕುಡಿದು ತಿರುಗಿ ಬರುವವನಿಗೆ ಅಲ್ಲಿ ಕೆಲಸವೂ ಇಲ್ಲ. ಹಾಗಿದ್ದೂ ಕಷ್ಟವನ್ನು ಆರಿಸಿಕೊಳ್ಳುವುದರಲ್ಲಿ ಒಂದು ಘನತೆ ಇದೆ ಎಂದೇ ನಾನು ನಂಬಿದ್ದೇನೆ. ಶಿರಾ ದಾಟಿದ ಮೇಲೆ ಕತ್ತಲಿಳಿಯುವಾಗ, ಹೆಡ್‌ಲೈಟಿನ ಬೆಳಕಿನಷ್ಟಕ್ಕೇ ಜಗತ್ತು ಕಿರಿದಾಗುವಾಗ, ಮನಸ್ಸಿಗೆ ಸಿಗುವ ಏಕಾಗ್ರತೆ ಗ್ರಂಥಾಲಯದಲ್ಲಿ ನನಗೆ ಸಿಕ್ಕಿದ್ದು ಕಡಿಮೆ.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ನನ್ನ ಪಿಎಚ್‌.ಡಿ. ವಿಷಯ ‘ಸಮ್ಮತಿ’. ಒಬ್ಬ ವ್ಯಕ್ತಿ ತಾನಾಗಿ ಒಪ್ಪಿಕೊಂಡ ಅಪಾಯ ಅವನದು, ಅದರಲ್ಲಿ ಬೇರೆಯವರು ಮೂಗು ತೂರಿಸಬಾರದು ಎಂಬ ಮಾತನ್ನು ದಿನವೂ ಓದುತ್ತೇನೆ. ಬೈಕ್ ಸವಾರರ ನಡುವೆಯೂ ಇದೇ ಮಾತು: ‘ನನ್ನ ಗಾಡಿ, ನನ್ನ ಜೀವ.’ ರಾತ್ರಿಯಿಡೀ ಓಡಿಸುವ ಸವಾರಿಗೆ ಈ ಮಾತು ಹೊಂದುತ್ತದೆಯೇ?

ಜಾನ್ ಸ್ಟುವರ್ಟ್ ಮಿಲ್ 1859ರ ‘ಆನ್ ಲಿಬರ್ಟಿ’ಯಲ್ಲಿ ಒಂದು ಸೇತುವೆಯ ಉದಾಹರಣೆ ಕೊಡುತ್ತಾನೆ. ಸೇತುವೆ ಅಪಾಯದಲ್ಲಿದೆ, ಒಬ್ಬ ದಾಟಲು ಹೊರಟಿದ್ದಾನೆ. ಅವನಿಗೆ ಎಚ್ಚರಿಕೆ ಕೊಡಬಹುದು. ತಿಳಿದೂ ದಾಟುತ್ತೇನೆ ಎಂದರೆ ಬಲವಂತವಾಗಿ ತಡೆಯುವಂತಿಲ್ಲ. ಆದರೆ ಮಿಲ್ ಇದಕ್ಕೆ ಕೆಲವು ಹೊರತುಗಳನ್ನು ಸೇರಿಸುತ್ತಾನೆ. ದಾಟುವವನು ಮಗುವಾಗಿರಬಾರದು, ಬುದ್ಧಿ ಸ್ತಿಮಿತದಲ್ಲಿರಬೇಕು, ಯೋಚಿಸುವ ಶಕ್ತಿಯನ್ನೇ ಮಂಕಾಗಿಸುವ ಸ್ಥಿತಿಯಲ್ಲಿ ಇರಬಾರದು. ಸ್ವಾತಂತ್ರ್ಯದ ವಕೀಲರು ಈ ಹೊರತುಗಳನ್ನು ಬೇಗ ಮರೆಯುತ್ತಾರೆ.

ನಿದ್ದೆಗೆಟ್ಟ ಸವಾರ ಈ ಹೊರತಿನೊಳಗೆ ಬರುತ್ತಾನೆ. 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಡಾಸನ್ ಮತ್ತು ರೀಡ್ ಪ್ರಕಟಿಸಿದ ಅಧ್ಯಯನದ ಪ್ರಕಾರ, 17 ಗಂಟೆ ಎಚ್ಚರವಿದ್ದವರ ಕಣ್ಣು ಕೈಗಳ ಹೊಂದಾಣಿಕೆ, ರಕ್ತದಲ್ಲಿ ಶೇ. 0.05 ಮದ್ಯವಿದ್ದವರ ಮಟ್ಟಕ್ಕೆ ಇಳಿದಿತ್ತು. ನಮ್ಮ ಮೋಟಾರು ವಾಹನ ಕಾಯ್ದೆ ಚಾಲಕನಿಗೆ ಇಟ್ಟಿರುವ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇ. 0.03. ಬೆಳಿಗ್ಗೆ ಆರಕ್ಕೆ ಎದ್ದು ಸಂಜೆ ನಾಲ್ಕಕ್ಕೆ ಗಾಡಿ ಹತ್ತಿದವನು ರಾತ್ರಿ ಹನ್ನೊಂದರ ಹೊತ್ತಿಗೆ, ಹನಿ ಮದ್ಯ ಮುಟ್ಟದೆಯೇ, ಆ ಮಿತಿ ಮೀರಿದವನಂತಿರುತ್ತಾನೆ. ಕುಡಿದವನನ್ನು ಹಿಡಿಯಲು ಪೊಲೀಸರ ಕೈಯಲ್ಲಿ ಊದಿಸುವ ಯಂತ್ರವಿದೆ. ತೂಕಡಿಸುವವನನ್ನು ಹಾಗೆ ಊದಿಸಿ ಹಿಡಿಯಲಾಗುವುದಿಲ್ಲ.

ಸಂಜೆ ನಾಲ್ಕಕ್ಕೆ ಒಪ್ಪಿಗೆ ಕೊಟ್ಟವನು ಒಬ್ಬ, ರಾತ್ರಿ ಮೂರಕ್ಕೆ ಆ ಒಪ್ಪಿಗೆಯ ಮೇಲೆ ಓಡುತ್ತಿರುವವನು ಇನ್ನೊಬ್ಬ. ಸಮ್ಮತಿಗೆ ಬೆಲೆ ಬರುವುದು ಅದನ್ನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು ಎಂಬ ಕಾರಣಕ್ಕೆ. ನಿದ್ದೆ ಮೊದಲು ಕಿತ್ತುಕೊಳ್ಳುವುದು ಆ ಶಕ್ತಿಯನ್ನೇ. ‘ಇನ್ನೊಂದು ಐವತ್ತು ಕಿಲೋಮೀಟರ್, ಆಮೇಲೆ ನಿಲ್ಲಿಸೋಣ’ ಎಂದು ಮೂರು ಸಲ ಹೇಳಿಕೊಳ್ಳುವವನಿಗೆ ತಾನು ತೀರ್ಮಾನಿಸುವ ಸ್ಥಿತಿಯಲ್ಲಿಲ್ಲ ಎಂಬುದು ಗೊತ್ತಾಗುವುದಿಲ್ಲ. ಗೊತ್ತುಮಾಡಿಕೊಳ್ಳಬೇಕಾದ ಬುದ್ಧಿಯೇ ಆಗ ತೂಕಡಿಸುತ್ತಿರುತ್ತದೆ.

ಲೆಕ್ಕವೂ ಸವಾರನ ಪರವಾಗಿಲ್ಲ. ನಾಲ್ಕು ಪಥದ ಹೆದ್ದಾರಿಯಲ್ಲಿ ಬೈಕಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಗರಿಷ್ಠ ವೇಗ ಗಂಟೆಗೆ 80 ಕಿ.ಮೀ. ಎಲ್ಲೂ ನಿಧಾನಿಸದೆ ಅದೇ ವೇಗದಲ್ಲಿ ಹೋದರೂ 1610 ಕಿ.ಮೀ.ಗೆ ಇಪ್ಪತ್ತು ಗಂಟೆ ಬೇಕು. ಉಳಿದ ನಾಲ್ಕು ಗಂಟೆಯಲ್ಲಿ ಪೆಟ್ರೋಲು, ಊಟ, ಚಹಾ, ಶೌಚ ಎಲ್ಲವೂ ಮುಗಿಯಬೇಕು. ಕಾಮಗಾರಿ ನಡೆಯುವಲ್ಲಿ ಸರ್ವಿಸ್ ರಸ್ತೆಗೆ ಇಳಿದಾಗ ಕಳೆಯುವ ಹೊತ್ತು ಬೇರೆ. ಇದರ ಮೇಲೆ ಎರಡು ಗಂಟೆ ನಿದ್ದೆ ಬೇಕೆಂದರೆ ವೇಗದ ಮಿತಿ ಮೀರಬೇಕು. ಮಿತಿ ಪಾಲಿಸಿದರೆ ನಿದ್ದೆ ಬಿಡಬೇಕು. ದಣಿದಾಗ ನಿಲ್ಲಿಸಿ ಮಲಗಿ ಎಂದು ಆ ಸಂಸ್ಥೆಯೇ ಸವಾರರಿಗೆ ಬುದ್ಧಿವಾದ ಹೇಳುತ್ತದೆ. ಅದರ ಹನ್ನೊಂದು ದಿನಗಳ ದೊಡ್ಡ ರ‍್ಯಾಲಿಯಲ್ಲಿ ವಿಶ್ರಾಂತಿಗೂ ಅಂಕಗಳಿವೆ. ಒಂದು ದಿನದ ಸವಾರಿಯಲ್ಲಿ ಮಾತ್ರ ಗಡಿಯಾರ ಆ ಬುದ್ಧಿವಾದದ ಎದುರು ನಿಲ್ಲುತ್ತದೆ.

ನಿಪ್ಪಾಣಿಯ ಹತ್ತಿರದ ಢಾಬಾದಲ್ಲಿ ರಾತ್ರಿ ಒಂದರ ಹೊತ್ತಿಗೆ ಗೋಕಾಕ ಕಡೆಯ ಲಾರಿ ಡ್ರೈವರ್ ಒಬ್ಬರು ನಮ್ಮ ಜಾಕೆಟ್, ಬೂಟುಗಳನ್ನು ನೋಡಿ ಮಾತಿಗಿಳಿದರು. ಐವತ್ತರ ಆಸುಪಾಸಿನ ಮನುಷ್ಯ. ಸಕ್ಕರೆ ಹೇರಿಕೊಂಡು ಬೆಂಗಳೂರಿಗೆ ಹೊರಟಿದ್ದರು.

“ಎಷ್ಟ್ ರೊಕ್ಕ ಕೊಡ್ತಾರಪಾ ಇದಕ್ಕ?”

“ಕೊಡಂಗಿಲ್ಲ ಕಾಕಾ, ನಾವ ಕಟ್ಟಬೇಕು.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ನೀವ್ಯಾಕ ಎದ್ದೀರಿ?” ಅಂದರು. ಗೇಲಿಯ ಧಾಟಿ ಇರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದರು.

ಸಾರಿಗೆ ಕಾರ್ಮಿಕರಿಗೆ ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ದುಡಿಮೆ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬರೆದಿಟ್ಟಿತು. ಢಾಬಾಗಳ ಮುಂದೆ ಕೆಂಪು ಕಣ್ಣು ಉಜ್ಜಿಕೊಂಡು ಕೂತವರನ್ನು ನೋಡಿದವರಿಗೆ ಆ ಬರಹ ರಸ್ತೆಗೆ ಎಷ್ಟು ಇಳಿದಿದೆ ಎಂಬುದು ಗೊತ್ತು. ಅವರೂ ಒಪ್ಪಿಯೇ ಗಾಡಿ ಹತ್ತಿದವರು ಎನ್ನಬಹುದು. ಆದರೆ ತಡವಾದರೆ ಬಾಡಿಗೆ ಮುರಿದುಕೊಳ್ಳುತ್ತಾರೆ ಎನ್ನುವವನ ಒಪ್ಪಿಗೆಯೂ, ತಡವಾದರೆ ಒಂದು ಕಾಗದ ಬರುವುದಿಲ್ಲ ಅಷ್ಟೆ ಎನ್ನುವವನ ಒಪ್ಪಿಗೆಯೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಆ ರಾತ್ರಿ ಅವರಿಗಿಂತ ನನ್ನಲ್ಲಿ ಹೆಚ್ಚಿಗೆ ಇದ್ದ ಆಸ್ತಿ ಬೈಕಲ್ಲ, ಜಾಕೆಟ್ಟಲ್ಲ. ಬೇಕೆಂದಾಗ ನಿಲ್ಲಿಸಬಹುದಾದ ಅನುಕೂಲ.

ಇನ್ನು, ಎಚ್ಚರವಿರುವುದಾಗಿ ನಾನು ಯಾರಿಗೋ ಮಾತು ಕೊಟ್ಟಿದ್ದೇನೆಯೇ? ಬಾಯಿಬಿಟ್ಟು ಕೊಟ್ಟಿಲ್ಲ. ಆದರೂ ಎದುರು ಬರುವವರು, ನಸುಕಿನಲ್ಲಿ ಹಾಲಿನ ಕ್ಯಾನು ಹಿಡಿದು ರಸ್ತೆ ದಾಟುವವರು, ನನ್ನ ಕಣ್ಣು ತೆರೆದಿದೆ ಎಂದು ನಂಬಿಯೇ ರಸ್ತೆಗೆ ಕಾಲಿಡುತ್ತಾರೆ. ನನ್ನ ಆಟಕ್ಕೆ ಅವರ ಸಮ್ಮತಿಯನ್ನು ಯಾರೂ ಕೇಳಿಲ್ಲ. ಹಾಗಾಗಿ ನನ್ನ ನಿದ್ದೆ ಪೂರ್ತಿ ನನ್ನ ಸ್ವತ್ತಲ್ಲ. ರಸ್ತೆಯಲ್ಲಿ ಇರುವಷ್ಟು ಹೊತ್ತು ಅದರಲ್ಲಿ ಅವರಿಗೂ ಪಾಲಿದೆ.

ಹಾಗೆಂದು ಇಂಥ ಸವಾರಿಗಳನ್ನು ನಿಷೇಧಿಸಿ ಎನ್ನಲು ನನಗೆ ಮನಸ್ಸಿಲ್ಲ. ದಣಿದ ಬುದ್ಧಿಯನ್ನು ನಂಬಲಾಗದಿದ್ದರೆ ತೀರ್ಮಾನವನ್ನು ಎಚ್ಚರವಿದ್ದಾಗಲೇ ಮಾಡಿಡಬೇಕು, ಅದನ್ನು ಜಾರಿಮಾಡುವ ಅಧಿಕಾರವನ್ನು ಇನ್ನೊಬ್ಬರ ಕೈಗೆ ಕೊಡಬೇಕು. ನಮ್ಮ ಗುಂಪು ತುಮಕೂರು ದಾಟುವ ಮೊದಲೇ ಒಂದು ಒಪ್ಪಂದ ಮಾಡಿಕೊಂಡಿತ್ತು: ಜೊತೆಯ ಸವಾರ ‘ಮಲಗು’ ಎಂದರೆ ವಾದವಿಲ್ಲದೆ ಕೀಲಿ ಅವನ ಕೈಗೆ. ಕೊಲ್ಹಾಪುರದಲ್ಲಿ ನನ್ನ ಗೆಳೆಯ ನನಗೆ ಆ ಮಾತು ಹೇಳಿದ. ನನಗೇನೂ ನಿದ್ದೆ ಬಂದಿಲ್ಲ ಎಂದೇ ನನಗೆ ಅನ್ನಿಸುತ್ತಿತ್ತು. ಆದರೂ ಕೀಲಿ ಕೊಟ್ಟೆ. ಬಂಕಿನ ಕಟ್ಟೆಯ ಮೇಲೆ ಒರಗಿದವನು ಎದ್ದದ್ದು ಎರಡೂವರೆ ಗಂಟೆಯ ನಂತರ. ಬೆಂಗಳೂರು ಮುಟ್ಟುವಾಗ ಇಪ್ಪತ್ತಾರು ಗಂಟೆಯಾಗಿತ್ತು.

ಆ ಒಪ್ಪಂದ ನನ್ನ ಸ್ವಾತಂತ್ರ್ಯವನ್ನು ಮೊಟಕುಮಾಡಿತು ಎಂದು ನನಗೆ ಅನ್ನಿಸಿಲ್ಲ. ಸಂಜೆ ನಾಲ್ಕರ ನಾನು ಯೋಚಿಸಿ ಕೊಟ್ಟ ಮಾತು ನಡುರಾತ್ರಿ ದಾಟಿದ ಮೇಲೂ ಉಳಿದದ್ದು ಅದರಿಂದಲೇ.